ಹೌದಪ್ಪನ ಅರ್ಧ ಕ್ಷೌರ

ಆ ಬೀದಿಯ ಕ್ಷೌರಿಕನಿಗೆ ಹೆತ್ತವರಿಟ್ಟ ಹೆಸರು ಬೇರೆ ಇದ್ದಿತಾದರೂ ಜನರಿಟ್ಟ ‘ಹೌದಪ್ಪ’ನೇ ನಿಂತುಬಿಟ್ಟಿತ್ತು. ಕತ್ತಿ ಗಂಟಲ ಮೇಲಿರುವಾಗ ಗಿರಾಕಿಯೊಡನೆ ವಾದ ಹೂಡಲಾಗದು. ವಾದಕ್ಕಿಳಿದವನ ದವಡೆ ಅಲುಗುತ್ತದೆ, ದವಡೆ ಅಲುಗಿದರೆ ನೆತ್ತರು. ಆದುದರಿಂದ ಕುರ್ಚಿಯಲ್ಲಿ ಕುಳಿತವನು ಏನೇ ನುಡಿಯಲಿ, “ಹೌದಪ್ಪ” ಎನ್ನುವುದು ಅವನಿಗೆ ತಂದೆಯಿಂದ ಬಂದ ವೃತ್ತಿಧರ್ಮ.

ಇಡೀ ಬೀದಿಯೇ ಆ ಕುರ್ಚಿಯಲ್ಲಿ ಮನಸ್ಸು ಬಿಚ್ಚುವುದನ್ನು ಕಂಡ ಆರೋಗ್ಯಕೇಂದ್ರದ ದಾದಿ ಒಂದು ದಿನ ಬಂದಳು. “ಅಣ್ಣ, ಮಕ್ಕಳಿಗೆ ದಡಾರದ ಸೂಜಿ ಹಾಕಿಸಿ ಅಂತ ನಾನು ಹೇಳಿದ್ರೆ ಬಾಗಿಲು ಹಾಕ್ಕೋತಾರೆ. ನಿಮ್ಮ ಮಾತಾದ್ರೆ ಕೇಳ್ತಾರೆ. ಸ್ವಲ್ಪ ಹೇಳಿ.”

“ಹೌದಮ್ಮಾ,” ಎಂದ ಹೌದಪ್ಪ.

ಹೇಳಬೇಕೆಂದು ಮನಸ್ಸು ಮಾಡಿದ್ದೇನೋ ನಿಜ. ಆದರೆ ಬಡಗಿ ಬಂದು ಕುಳಿತು, “ಸೂಜಿ ಹಾಕಿಸಿದ್ದಕ್ಕೇ ನನ್ನ ಮಗ ಉಳ್ಕೊಂಡ,” ಎಂದಾಗ “ಹೌದಪ್ಪ” ಎಂದ. ಹಾಲಿನವನು, “ಸೂಜಿ ಹಾಕಿಸಿದ್ರೆ ಮಗೂಗೆ ಜ್ವರ ಬರುತ್ತೆ, ಸುಮ್ನಿರೋದೇ ವಾಸಿ,” ಎಂದಾಗಲೂ ಬಾಯಿ ಅದನ್ನೇ ನುಡಿಯಿತು. ಕೇಳುವ ಹೊತ್ತಿಗೆ ಇಬ್ಬರ ಮಾತೂ ಸರಿಯೆಂದೇ ತೋರಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎರಡೆರಡು ಮಾತು ಕೇಳಿದ ಜನ ಮಾತ್ರ ಯಾವುದನ್ನೂ ನಂಬದೆ ಮನೆಯಲ್ಲೇ ಉಳಿದರು. ಸೂಜಿಯ ದಿನ ಆರೋಗ್ಯಕೇಂದ್ರದ ಬೆಂಚುಗಳು ಬರಿದಾಗಿದ್ದವು.

ಅಂದೇ ದಾದಿ ಅಂಗಡಿಗೇ ಬಂದಳು. “ಅಣ್ಣ, ಬೇಡ ಅಂತ ನೀವೇ ಅಂದ್ರಂತಲ್ಲ?”

“ನಾನೆಲ್ಲಮ್ಮಾ ಅಂದೆ?” ಹೌದಪ್ಪ ಕಕ್ಕಾಬಿಕ್ಕಿಯಾದ.

ಅರ್ಧ ಗಡ್ಡ ಬೋಳಿಸಿಕೊಂಡು, ಉಳಿದರ್ಧ ನೊರೆಯಲ್ಲಿ ಮುಳುಗಿ ಕುಳಿತಿದ್ದ ಹಾಲಿನವನು ಕನ್ನಡಿಯೊಳಗಿಂದಲೇ ಸಾಕ್ಷಿ ನುಡಿದ. “ನನ್ನ ಹತ್ರ ಅಂದಿದ್ದೀಯಲ್ಲಯ್ಯಾ.”

ಅಷ್ಟರಲ್ಲಿ ಹೌದಪ್ಪನ ಮಗಳು ಕೂಸನ್ನೆತ್ತಿಕೊಂಡು ಒಳಗೆ ಬಂದಳು. “ಅಪ್ಪಾ, ನೀನು ಹಾಕಿಸು ಅಂದೆ ಅಂತ ಬಡಗಿ ಮಾವ ಹೇಳ್ತಾರೆ. ಬೇಡ ಅಂದೆ ಅಂತ ಈ ಹಾಲಿನ ಮಾವ ಬೀದಿಯೆಲ್ಲ ಹೇಳ್ಕೊಂಡು ಬರ್ತಿದಾರೆ. ಪಕ್ಕದ ಬೀದೀಲಿ ದಡಾರ ಬಂದಿದೆ. ಇವಳಿಗೆ ಹಾಕಿಸ್ಲಾ, ಬೇಡ್ವಾ?”

“ಹೌದಮ್ಮಾ.”

“ಯಾವುದಕ್ಕೆ ಹೌದು?”

ಅನ್ಯರ ಮಾತಿಗೆ ತಲೆದೂಗುತ್ತ ತನ್ನ ಮಾತು ಯಾವುದೆಂಬುದೇ ಹೌದಪ್ಪನಿಗೆ ಮರೆತುಹೋಗಿತ್ತು. ಕೂಸು ಕೈಚಾಚಿ ಅವನ ಹೆಗಲ ಟವೆಲನ್ನು ಎಳೆಯಿತು. ಅವನು ಕತ್ತಿ ಮಡಿಸಿ ಕೆಳಗಿಟ್ಟ.

“ನರ್ಸಮ್ಮಾ, ಜ್ವರ ಬರೋದು ನಿಜಾನಾ?”

“ಕೆಲವು ಮಕ್ಕಳಿಗೆ ಒಂದು ವಾರ ಕಳೆದ್ಮೇಲೆ ಬರುತ್ತೆ, ಒಂದೆರಡು ದಿನದಲ್ಲಿ ಇಳಿಯುತ್ತೆ. ಬಂದ್ರೆ ಹೇಳಿಕಳಿಸಿ, ನಾನೇ ಬರ್ತೀನಿ. ಆದ್ರೆ ದಡಾರ ಎದೆಗಿಳಿದ್ರೆ ಪ್ರಾಣಕ್ಕೇ ಕುತ್ತು.”

“ನೋಡಿದ್ಯಾ, ನಾನಂದಿದ್ದು ಸರಿ ತಾನೆ?” ಎಂದ ಹಾಲಿನವನು.

“ಜ್ವರ ಅಂದಿದ್ದು ಸರಿ. ಸುಮ್ನಿರೋದೇ ವಾಸಿ ಅಂದ್ಯಲ್ಲ, ಅದು ಸರಿಯಲ್ಲಪ್ಪ.”

ಅಂತಹ ಮಾತು ಆ ಅಂಗಡಿಯಲ್ಲಿ ಹಿಂದೆಂದೂ ಕೇಳಿಬಂದಿರಲಿಲ್ಲ. ನುಡಿದವನಿಗೇ ಅದು ಪರರ ದನಿಯಂತೆ ಕೇಳಿಸಿತು. ಕೂಸನ್ನು ಮಗಳಿಂದ ತೆಗೆದುಕೊಂಡು ದಾದಿಯೊಡನೆ ಬೀದಿಗಿಳಿದಾಗಲೂ, ಮಾಡುತ್ತಿರುವುದು ಸರಿಯೋ ತಪ್ಪೋ ಎಂಬ ಗೊಂದಲ ಅವನನ್ನು ಬಿಟ್ಟಿರಲಿಲ್ಲ. ಕಾಲು ಮಾತ್ರ ನಿಲ್ಲಲಿಲ್ಲ.

“ಏನಯ್ಯಾ, ನನ್ನ ಉಳಿದರ್ಧ ಯಾರು ಬೋಳಿಸ್ತಾರೆ?” ಎನ್ನುತ್ತ ಹಾಲಿನವನು ನೊರೆ ಮೆತ್ತಿದ ಮೋರೆಯಲ್ಲೇ ಬೆನ್ನುಹತ್ತಿದ. ಆ ಮೋರೆ ನೋಡಲೆಂದೇ ಬಾಗಿಲುಗಳು ತೆರೆದವು. ಏನಾಯಿತೆಂದು ಕೇಳಿದವರಿಗೆಲ್ಲ ಅವನು, “ನನ್ನ ಅರ್ಧಕ್ಕೆ ಬಿಟ್ಟು ಮೊಮ್ಮಗಳಿಗೆ ಸೂಜಿ ಹಾಕ್ಸೋಕೆ ಹೊರಟಿದಾನೆ ನೋಡಿ,” ಎಂದು ಮನೆಮನೆಗೂ ದೂರು ಹೇಳುತ್ತ ನಡೆದ.

ಆರೋಗ್ಯಕೇಂದ್ರ ತಲುಪಿದಾಗ ಹಿಂದೆ ಇಬ್ಬರು ತಾಯಂದಿರು ಕಂಕುಳಲ್ಲಿ ಕೂಸುಗಳೊಂದಿಗೆ, ಒಳಗೆ ಹೋಗಬೇಕೋ ಬೇಡವೋ ತಿಳಿಯದೆ ನಿಂತಿದ್ದರು. ಹೌದಪ್ಪ ತಾನು ಮೊದಲು ಒಳಹೊಕ್ಕು, ಬಾಗಿಲು ಮುಚ್ಚಿಕೊಳ್ಳದಂತೆ ಕಾಲಿನಿಂದ ತಡೆದು ಹಿಡಿದ.