ರದ್ದಿಗೆ ಹೋದ ರಥಗಳು

ಹೋದ ವರ್ಷ ಬೈಲಹೊಂಗಲದ ನಮ್ಮ ಮನೆಗೆ ಸುಣ್ಣಬಣ್ಣ ಮಾಡಿಸುವಾಗ, ಅಟ್ಟದ ಮೇಲಿದ್ದ ಹಳೆ ಕಾಗದವನ್ನೆಲ್ಲ ಬಿಚ್ಚಿಯೂ ನೋಡದೆ ರದ್ದಿಯವರಿಗೆ ಕೊಟ್ಟುಬಿಟ್ಟೆ. ಮೂರು ದಿನದ ಮೇಲೆ ರಾಮದುರ್ಗದಿಂದ ಅಣ್ಣನ ಫೋನು ಬಂತು. ಕಣ್ಣಿನ ಆಪರೇಷನ್ ಆಗಿದೆ, ಈಗ ಸಣ್ಣ ಅಕ್ಷರವೂ ಕಾಣುತ್ತದೆ, ನಾನು ಮನೆ ಕಟ್ಟಿಸುವಾಗ ನಿನ್ನ ಹತ್ತಿರ ಇಟ್ಟಿದ್ದ ಕಾಮಿಕ್ಸ್ ತಂದುಕೊಡು ಎಂದ. ಹೂಂ ಅಂದೆ. ಆಮೇಲೆ ಅಟ್ಟ ಹತ್ತಿ ನೋಡಿದರೆ ಖಾಲಿ. ರದ್ದಿಗೆ ಹೋದ ಕಾಗದದ ಜೊತೆ ಅವೂ ಹೋಗಿದ್ದವು.

ಅವು ಹಾಲಿವುಡ್ಡಿನ ಹಳೆಯ ಭಾರಿ ಸಿನಿಮಾಗಳನ್ನು ಚಿತ್ರಗಳಲ್ಲಿ ಹೇಳುವ ಮೂರು ಇಂಗ್ಲಿಷ್ ಪುಸ್ತಕಗಳು. ಒಂದರಲ್ಲಿ ರಥಗಳ ಓಟ, ಇನ್ನೊಂದರಲ್ಲಿ ಸಮುದ್ರ ಇಬ್ಭಾಗವಾಗುವುದು, ಮತ್ತೊಂದರಲ್ಲಿ ತಿರುಗಿಬಿದ್ದ ಗುಲಾಮರು. ನಾವು ಚಿಕ್ಕವರಿದ್ದಾಗ ಅಪ್ಪ ಬೆಳಗಾವಿಯ ಹಳೆ ಪುಸ್ತಕದ ಅಂಗಡಿಯಿಂದ ತಂದಿದ್ದರು. ಆ ಸಿನಿಮಾಗಳು ನಮ್ಮ ಕಡೆಯ ಟಾಕೀಸಿಗೆ ಬರಲೇ ಇಲ್ಲ. ನಮಗೆ ಪುಸ್ತಕವೇ ಸಿನಿಮಾ. ಆಗ ಇಬ್ಬರಿಗೂ ಇಂಗ್ಲಿಷ್ ಬರುತ್ತಿರಲಿಲ್ಲ. ಅಣ್ಣ ಚಿತ್ರ ನೋಡಿ ತಾನೇ ಮಾತು ಕಟ್ಟುತ್ತಿದ್ದ. ಅವನ ಬಾಯಲ್ಲಿ ರೋಮಿನ ಸೇನಾಪತಿ ನಮ್ಮೂರ ಗೌಡರ ಹಾಗೆ ಗದರುತ್ತಿದ್ದ. ನನಗೆ ದಡಾರ ಎದ್ದಾಗ ಹೊಸ್ತಿಲಾಚೆ ಕೂತು ಮೂರನ್ನೂ ದಿನಾ ಹೇಳಿದ್ದ.

ಎರಡು ದಿನ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ರದ್ದಿ ಅಂಗಡಿಗೆ ಹೋದೆ. ಅಂಗಡಿಯ ಚಾಚಾ ನೆನಪು ಮಾಡಿಕೊಂಡು, ಆ ಕಟ್ಟು ಸವದತ್ತಿಯ ಚುರುಮುರಿ ಅಂಗಡಿಗೆ ಹೋಗಿದೆ ಎಂದರು. ಚುರುಮುರಿ ಎಂದ ಕೂಡಲೇ ಆಸೆ ಬಿಟ್ಟೆ. ಆದರೂ ಬಸ್ಸು ಹತ್ತಿದೆ.

ಸವದತ್ತಿಯಲ್ಲಿ ಅಂಗಡಿಯಾಕೆ ಪೊಟ್ಟಣ ಕಟ್ಟುತ್ತಿದ್ದಳು. ನನ್ನ ಮಾತು ಮುಗಿಯುವ ಮೊದಲೇ ಮೂಲೆಯ ಡಬ್ಬಿಯ ಕೆಳಗಿಂದ ಮೂರೂ ಪುಸ್ತಕ ಎಳೆದಳು.

"ಇದರಾಗ ಪೊಟ್ಟಣ ಕಟ್ಟಾಕ ಬರಂಗಿಲ್ರಿ ಅಕ್ಕಾರ. ಒಂದು ಹಾಳಿ ಹರದು ನೋಡಿದೆ, ಎಣ್ಣಿ ತಾಗಿದ್ರ ಬಣ್ಣ ಬಿಡತೈತಿ."

ಹರಿದದ್ದು ರಥದ ಪುಸ್ತಕದ ರಕ್ಷಾಪುಟ. ಉಳಿದದ್ದೆಲ್ಲ ಇತ್ತು. ಅಲ್ಲೇ ಅವಳ ಸ್ಟೂಲಿನ ಮೇಲೆ ಕೂತುಬಿಟ್ಟೆ. ಅವಳು ನೀರು ಕೊಟ್ಟಳು.

ಮನೆಗೆ ಮರಳದೆ ನೇರ ರಾಮದುರ್ಗಕ್ಕೆ ಹೋದೆ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅಣ್ಣನ ಮುಂದೆ ಪುಸ್ತಕ ಇಟ್ಟು, ರದ್ದಿಗೆ ಹಾಕಿದ್ದರಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ. ಅವನು ಪುಟ ತಿರುವುತ್ತಲೇ ಇದ್ದ.

"ಮೊಮ್ಮಗಳು ಮೊನ್ನೆ ಮೊಬೈಲಿನಾಗ ಆ ರಥದ ಸಿನಿಮಾ ತೋರ್ಸಿದ್ಲು," ಎಂದ. "ಚಲೋ ಐತಿ. ಆದ್ರ ಇದರಾಗಿನ ಕುದುರಿ ಇನ್ನೂ ಜೋರ ಓಡ್ತಾವ. ರಟ್ಟು ಹೋದ್ರ ಹೋಗ್ಲಿ ಬಿಡು, ಊಟಕ್ಕ ಏಳು."

ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಎರಡು ದಿನದ ಹಸಿವೆಲ್ಲ ಒಮ್ಮೆಲೇ ಬಂದಂತೆ ಉಂಡೆ. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿದ್ದಷ್ಟೇ ನೆನಪು. ಬೈಲಹೊಂಗಲ ಬಂತೆಂದು ಕಂಡಕ್ಟರೇ ಎಬ್ಬಿಸಬೇಕಾಯಿತು.