ಟೀಚರಮ್ಮನ ಎಡಗೈ

ಮೊನ್ನೆ ಗುಬ್ಬಿಯಲ್ಲಿ ಪೂಜಾ ಸಾಮಾನಿನ ಅಂಗಡಿಯವನು ವಿಭೂತಿ ಗಟ್ಟಿಯ ಹೊಸ ಡಬ್ಬ ಬಿಚ್ಚಿದ. ಆ ತಣ್ಣನೆಯ ಬೂದಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಕ್ಕದ ಮನೆ ಟೀಚರಮ್ಮ ನೆನಪಾದರು...

ನೂರಾ ಇಪ್ಪತ್ತು ಕೆಜಿ ಇದ್ದರು. ಅದನ್ನೇನೂ ಮುಚ್ಚಿಡುವವರಲ್ಲ. "ನನ್ನ ಎತ್ತಬೇಕು ಅಂದ್ರೆ ವಸಂತನರಸಾಪುರದ ಫ್ಯಾಕ್ಟರಿಯಿಂದ ಕ್ರೇನ್ ತರ್ಸು ಕಣೇ" ಎಂದು ತಾವೇ ನಗುತ್ತಿದ್ದರು. ಅಳುತ್ತಿದ್ದದ್ದು ಪೂಜೆಯ ಹೊತ್ತಿಗೆ ಮಾತ್ರ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಕಣ್ಣೆದುರು ಹಿಡಿದು ಪೂಜಿಸುವ ಮನೆತನ ಅವರದು. ಎಡ ಭುಜದ ಕೀಲು ಸವೆದು ಕೈ ಹೊಟ್ಟೆಗಿಂತ ಮೇಲೇಳುತ್ತಿರಲಿಲ್ಲ. ಬಲಗೈಯಿಂದ ಎಡಗೈಯನ್ನು ಎತ್ತಿ ಹಿಡಿದರೆ ಹೂವೇರಿಸಲು ಕೈಯೇ ಉಳಿಯುತ್ತಿರಲಿಲ್ಲ.

ತುಮಕೂರಿನ ಡಾಕ್ಟರು ಕೀಲು ಬದಲಾಯಿಸಲು ಒಪ್ಪಿದರೂ ಮುಲಾಜಿಲ್ಲದೆ ಹೇಳಿದರು. "ಇಷ್ಟು ತೂಕ ಇದ್ರೆ ಗಾಯ ಕೀವಾಗೋ ಭಯ ಜಾಸ್ತಿ. ಏಳೋವಾಗ ಮೈಭಾರ ಎಲ್ಲಾ ಕೈ ಮೇಲೆ ಬಿಡ್ತೀರ, ಹೊಸ ಕೀಲು ಜಾರುತ್ತೆ. ಮೂರು ತಿಂಗಳು ನೆಲದ ಮೇಲೆ ಕೂರಂಗಿಲ್ಲ." ಟೀಚರಮ್ಮ ರಾತ್ರಿಯ ಮುದ್ದೆ ಬಿಟ್ಟು ಹತ್ತು ಕೆಜಿ ಇಳಿಸಿದರು. ಆಪರೇಷನ್ ಚೆನ್ನಾಗಿಯೇ ಆಯಿತು.

ಆಮೇಲೆ ನಾನು ಮಾಡಿದ ಘನಕಾರ್ಯ ಕೇಳಿ. ಎರಡನೇ ತಿಂಗಳು. ನೋಡಿಕೊಳ್ಳಲು ಕುಣಿಗಲ್‌ನಿಂದ ಬಂದಿದ್ದ ಮಗಳು ತರಕಾರಿಗೆ ಹೋಗಿದ್ದಳು. "ಕುರ್ಚಿ ಮೇಲೆ ಕಾಲು ಇಳಿಬಿಟ್ಕೊಂಡು ಪೂಜೆ ಮಾಡಿದ್ರೆ ಮನ್ಸಿಗೆ ಒಗ್ಗಲ್ಲ ಕಣೇ. ಒಂದೇ ಒಂದ್ಸಲ ಕೆಳಗೆ ಕೂರ್ಸು" ಎಂದರು. ಮಣೆ ಹಾಕಿ ಕೂರಿಸಿಬಿಟ್ಟೆ. ಅವತ್ತು ಕೈ ತಾನಾಗಿಯೇ ಗಲ್ಲದವರೆಗೂ ಎದ್ದಿತು, ಅವರ ಮುಖ ನೋಡಬೇಕಿತ್ತು! ಆದರೆ ಏಳುವಾಗ ನನ್ನೊಬ್ಬಳಿಂದ ತಡೆಯಲಾಗಲಿಲ್ಲ. ಅಭ್ಯಾಸಬಲದಿಂದ ಎಡಗೈಯನ್ನೇ ನೆಲಕ್ಕೆ ಊರಿದರು... ಕೀಲು ಜಾರಿತು.

ಮತ್ತೆ ಆಪರೇಷನ್. ಡಾಕ್ಟರು ಬೈದಾಗ ಟೀಚರಮ್ಮ "ನಾನೇ ಕೂತೆ ಸಾರ್, ಯಾರೂ ಇರ್ಲಿಲ್ಲ" ಎಂದರು. ನಾನು ಬಾಗಿಲ ಬಳಿಯೇ ನಿಂತಿದ್ದೆ. ಬಾಯಿ ಬಿಡಲಿಲ್ಲ, ಹೇಡಿ ನಾನು.

ಆಮೇಲೆ ಕೈ ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅವರೇನೂ ಕೊರಗಲಿಲ್ಲ. "ಕೈ ಮೇಲಕ್ಕೆ ಬರ್ದಿದ್ರೆ ತಲೆ ಕೆಳಕ್ಕೆ ಬಗ್ಸಿದ್ರಾಯ್ತು ಬುಡು" ಎನ್ನುತ್ತಾ, ಕುರ್ಚಿಯಲ್ಲೇ ಕೂತು, ಬಲಗೈಯಿಂದ ಆರಾಮಾಗಿ ಹೂವೇರಿಸುತ್ತಿದ್ದರು. ಆರು ವರ್ಷ ಹಾಗೆಯೇ ಸುಖವಾಗಿ ಪೂಜೆ ಮಾಡಿ, ಹೋದ ವರ್ಷ ತೀರಿಕೊಂಡರು.

ಮೊನ್ನೆ ಮನೆಗೆ ಬಂದವಳೇ ಅವರ ಮಗಳಿಗೆ ಫೋನ್ ಮಾಡಿ ಎಲ್ಲವನ್ನೂ ಒದರಿದೆ. ಅವಳು ಕೇಳಿಸಿಕೊಂಡು, "ಗೊತ್ತು ಅಕ್ಕ. ಅಮ್ಮ ಅವತ್ತೇ ಹೇಳಿದ್ರು. 'ಅವಳನ್ನ ಬೈಬೇಡ, ನಾನು ಕೇಳಿದ್ದು ಕೊಟ್ಟವಳು ಅವಳೊಬ್ಳೇ' ಅಂದ್ರು" ಎಂದಳು.

ಒಂದು ಸಲ ಅವರೆದುರು ಕೂತು ಅತ್ತುಬಿಡಬಹುದಿತ್ತು ನಾನು. ಈಗ ಆ ಮನೆಗೆ ಬೀಗ.