ಹೆಪ್ಪು ಕೇಳಲು ಹೋದದ್ದು

ಆ ಬೆಳಿಗ್ಗೆಯೂ ಎಂದಿನಂತೆ ಎದ್ದು ಅಂಗಳಕ್ಕೆ ನೀರು ಹೊಡೆದು, ರಂಗೋಲಿಯ ನಾಲ್ಕು ಎಳೆ ಎಳೆದು, ಒಲೆ ಹೊತ್ತಿಸಿದೆ. ಒಲೆ ಮಾತ್ರ ಹೊಸದು. ಹೊಗೆ ಯಾವ ಕಡೆ ಹೋಗುತ್ತದೆಂದು ತಿಳಿಯದೆ ಮೂರು ಸಲ ಕೂತ ಜಾಗ ಬದಲಿಸಿದೆ. ಚಹಾ ಕುಡಿಯುತ್ತಿದ್ದ ನಮ್ಮ ಯಜಮಾನರು, “ಹೊಗಿನೂ ನಿನ್ನ ಹಿಂದಿಂದೇ ಬದ್ಲಿ ಆಗ್ಲತ್ತದ ನೋಡು,” ಎಂದು ನಕ್ಕು ಕಚೇರಿಗೆ ಹೋದರು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷವೂ ತುಂಬಿರಲಿಲ್ಲ. ಕಚೇರಿಯ ಸಾಹೇಬರು ಬದಲಾದ ಹಾಗೆಲ್ಲ ಗುಮಾಸ್ತರಾದ ಇವರ ಊರೂ ಬದಲಾಗುತ್ತಿತ್ತು. ಔರಾದಿನಲ್ಲಿ ಎಂಟು ತಿಂಗಳು, ಭಾಲ್ಕಿಯಲ್ಲಿ ಆರು, ಈಗ ಬೀದರ್. ಹೈದರಾಬಾದಿನ ಕಾನ್ವೆಂಟಿನಲ್ಲಿ ಓದಿ ಬಂದ ನಾನು ಔರಾದಿನವರಿಗೆ ‘ಹೈದ್ರಾಬಾದಿನಾಕಿ’. ಭಾಲ್ಕಿಗೆ ಬಂದರೆ ‘ಔರಾದದಾಕಿ’. ಬೀದರಿನಲ್ಲಿ ಸಾಮಾನಿನ ಬಂಡಿ ಇಳಿಸುವ ಮೊದಲೇ ‘ಭಾಲ್ಕಿಯಾಕಿ’. ಇರುವ ಜಾಗದವಳೆಂದು ಒಮ್ಮೆಯಾದರೂ ಅನ್ನಿಸಿಕೊಳ್ಳಬೇಕೆಂದು ನನಗೆ ಆಸೆ. ಆದರೆ ಬಿಟ್ಟ ಊರೇ ಹೆಸರಾಗುವುದಾದರೆ, ಬೀದರಿನವಳಾಗಲು ಬೀದರನ್ನೂ ಬಿಡಬೇಕಲ್ಲ!

ಯಾರ ಹತ್ತಿರವೂ ಏನನ್ನೂ ಕೇಳಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದರು. ಔರಾದಿನಲ್ಲಿ ಹಾಗೇ ಇದ್ದೆ. ಎಂಟು ತಿಂಗಳಲ್ಲಿ ನಮ್ಮ ಹೊಸ್ತಿಲು ದಾಟಿ ಬಂದದ್ದು ಪಕ್ಕದ ಮನೆಯ ಕೋಳಿ ಮಾತ್ರ. ಭಾಲ್ಕಿಗೆ ಬಂದಿದ್ದ ನಮ್ಮ ಅತ್ತೆ ಇದನ್ನು ಕೇಳಿ ಹಣೆ ಹಣೆ ಬಡಿದುಕೊಂಡರು.

“ಏನೂ ಬ್ಯಾಡ ಅನ್ನಾಕಿ ಮನಿಗಿ ಯಾರ ಬರ್ತಾರವಾ? ಹೊಸ ಮನಿಗಿ ಹೋದ ದಿನ ಹೆಪ್ಪ ಕೇಳಬೇಕು. ಮನ್ಯಾಗ ಮೊಸರ ಇದ್ರೂ ಕೇಳಬೇಕು. ಕೊಟ್ಟಾಕಿಗಿ ಹಾಲು ಹೆಪ್ಪಾಯ್ತೋ ಇಲ್ಲೋ ಅಂತ ನೋಡ್ಲಾಕ ಬರದೇ ಇರ್ಲಾಕ ಆಗಂಗಿಲ್ಲ.”

ಅವರೇ ಹೋಗಿ ಹೆಪ್ಪು ಕೇಳಿದರು, ಮರುದಿನ ಭಾಲ್ಕಿಯ ನಮ್ಮ ಪಡಸಾಲೆಯಲ್ಲಿ ನಾಲ್ವರು ಹೆಂಗಸರು! ಈಗ ಅವರು ಕಮಠಾಣದಲ್ಲಿ, ಹಿರಿಯ ಮಗನ ಮನೆಯಲ್ಲಿ. ಬೀದರಿನಲ್ಲಿ ನಾನೇ ಕೇಳಬೇಕು.

ದಾರಿಯುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದಿದ್ದ ಮೊಸರಿನ ಗಡಿಗೆಯನ್ನು ಟ್ರಂಕಿನ ಹಿಂದೆ ಅಡಗಿಸಿ, ಬಟ್ಟಲು ಹಿಡಿದು ಪಕ್ಕದ ಮನೆಗೆ ಹೊರಟೆ. ಹೊಸ ಮುಖ ಕಂಡರೆ ಬಾಗಿಲು ಅರ್ಧವೇ ತೆರೆಯುತ್ತಿದ್ದ ದಿನಗಳವು. ಆ ಅರ್ಧ ಬಾಗಿಲಲ್ಲಿ ಎತ್ತರದ ಒಬ್ಬ ಹೆಂಗಸು, ಕಂಕುಳಲ್ಲಿ ಬೆಕ್ಕು.

“ಅಕ್ಕಾರ, ಜರಾ ಹೆಪ್ಪ ಕೊಡ್ತೀರಿ?”

“ಭಾಲ್ಕಿಯಾಕಿ ನೀವೇ ಏನ್ರಿ?”

ಹೂಂ ಅಂದೆ. ಎರಡು ಚಮಚ ಹಾಕಿಕೊಟ್ಟು, “ಹಾಲು ಬೆಚ್ಚಗಿರ್ಲಿ, ಸುಡಬಾರ್ದು,” ಎಂದು ಬಾಗಿಲು ಹಾಕಿದರು.

ಇಡೀ ದಿನ ಕಿವಿ ಬಾಗಿಲ ಕಡೆಗೇ. ಯಾರೂ ಬರಲಿಲ್ಲ. ಸಂಜೆ ಮೊದಲು ಬಂದದ್ದು ಬೆಕ್ಕು. ಅದು ತನ್ನ ಮನೆಯೇ ಎಂಬಂತೆ ನಡೆದು ನೇರ ಟ್ರಂಕಿನ ಹಿಂದೆ ಹೋಯಿತು. ಅದನ್ನು ಹುಡುಕುತ್ತ ಅವರೂ ಬಂದರು. ಟ್ರಂಕು ಸರಿಸಿದರೆ, ಗಡಿಗೆಗೆ ಮುಚ್ಚಿದ್ದ ತಟ್ಟೆಯನ್ನು ಬೆಕ್ಕು ನೆಕ್ಕುತ್ತಿತ್ತು.

ತಟ್ಟೆ ಎತ್ತಿ, “ಇದೇನವಾ?” ಎಂದರು.

“ಮೊಸರ್ರಿ.”

“ಕಾಣ್ಲತ್ತದ. ಇಷ್ಟ ಇಟ್ಕೊಂಡು ಹೆಪ್ಪ ಕೇಳ್ಲಾಕ ಬಂದಿ?”

ಕಾನ್ವೆಂಟಿನಲ್ಲಿ ಸಿಕ್ಕಿಬಿದ್ದಾಗಿನ ಹಾಗೆ ಕೈಕಟ್ಟಿ ನಿಂತೆ. “ನಮ್ಮತ್ತಿ ಹೇಳ್ಯಾರ್ರಿ... ಹೆಪ್ಪ ಕೇಳಿದ್ರ ನೀವು ನೋಡ್ಲಾಕ ಬರ್ತೀರಿ ಅಂತ.”

ಅವರು ಅಂಗೈಗೆ ಒಂದಿಷ್ಟು ಮೊಸರು ಹಾಕಿಕೊಂಡು ತಿಂದರು, ಇನ್ನೊಂದಿಷ್ಟು ತಿಂದರು, ಬೆಕ್ಕನ್ನು ಕಂಕುಳಲ್ಲಿ ಇರುಕಿಕೊಂಡು ಹೊರಟರು. ನಾನು ಬಾಗಿಲ ಮರೆಯಲ್ಲಿ ನಿಂತೆ. ಎದುರು ಮನೆಯ ಕಟ್ಟೆಯಿಂದ ಯಾರೋ ಕೂಗಿ ಕೇಳಿದರು: “ಯಾರಕ್ಕಾ ಅಕಿ, ಭಾಲ್ಕಿಯಾಕೀನಾ?”

“ನಮ್ಮ ಬಾಜೂ ಮನಿಯಾಕಿ,” ಎಂದರು ಇವರು, ನಡೆಯುತ್ತಲೇ. “ಸುಳ್ಳ ಹೇಳ್ಲಾಕ ಬರಂಗಿಲ್ಲ ಪಾಪ, ಮೊಸರ ಚೊಲೊ ಮಾಡ್ತಾಳ.”